ನಾನೂ ಕಂಡ ಬಿರುಕು

ಎಣ್ಣೂರಿನ ಆ ಕಂಬದ ಬಿರುಕನ್ನು ನಾನೂ ನೋಡಿದ್ದೆ, ಸೀತಾರಾಮ. ನೋಡಿಲ್ಲ ಎಂದು ಎಲ್ಲೂ ಹೇಳಲಿಲ್ಲ — ನೋಡಿದ್ದೇನೆ ಎಂದೂ ಹೇಳಲಿಲ್ಲ. ಹೇಳಲೇಬೇಕಾಗಿದ್ದ ಒಂದು ಸಂಜೆ ಸುಮ್ಮನಿದ್ದೆ. ಅದರಿಂದ ನಿನ್ನ ಕೆಲಸ ಹೋಯಿತು.

ಎಪ್ಪತ್ತರ ದಶಕದ ಕೊನೆ ಅದು. ನಾನು ಮದ್ರಾಸಿನ ಒಂದು ವಿನ್ಯಾಸ ಕಚೇರಿಯಲ್ಲಿದ್ದೆ. ಜೊತೆಗೆ ಕಟ್ಟಡ ಎಂಜಿನಿಯರುಗಳ ನಮ್ಮ ಸಣ್ಣ ಸಂಘದ ಕಾರ್ಯದರ್ಶಿ. ಹೊಸಬರನ್ನು ಹುಡುಕಿ ಸಂಘಕ್ಕೆ ಕರೆತರುವುದು ನನ್ನ ಹೊಣೆ. ವೃತ್ತಿಯ ಮೇಲಿನ ಪ್ರೀತಿಯಿಂದ ಮಾಡುತ್ತಿದ್ದೇನೆ ಎಂದು ನಂಬಿದ್ದೆ. ಈಗ ಅಷ್ಟು ಖಚಿತವಿಲ್ಲ. ರೈಲ್ವೆಯಲ್ಲಿದ್ದ ಅಪ್ಪ ತೀರಿಕೊಂಡ ಮೇಲೆ ಪೆರಂಬೂರಿನ ಮನೆಯಲ್ಲಿ ನನ್ನನ್ನು ಮಾತಾಡಿಸುವವರಿರಲಿಲ್ಲ. ತಿಂಗಳಿಗೊಮ್ಮೆ ಕುರ್ಚಿಗಳು ತುಂಬಿ, ಯಾರೋ ನನ್ನ ಹೆಸರು ಹಿಡಿದು ಕರೆದರೆ — ಬಹುಶಃ ಅಷ್ಟಕ್ಕಾಗಿಯೇ.

ನೀನು ಉಡುಪಿ ಕಡೆಯ ಹೋಟೆಲು ಮನೆತನದವನು. ಮದ್ರಾಸಿನ ಪಕ್ಕದ ಎಣ್ಣೂರಿನಲ್ಲಿ ಕಾರ್ಖಾನೆ ನೌಕರರಿಗೆ ವಸತಿ ಕಟ್ಟುತ್ತಿದ್ದ ಕಂಪನಿಯ ಸೈಟ್ ಎಂಜಿನಿಯರ್. ಸಂಘಕ್ಕೆ ಕರೆದಾಗ ನೀನು ನಕ್ಕಿದ್ದೆ.

"ನಾನ್ಯಾಕೆ ಮಾರಾಯ್ರೆ? ಹೋಟ್ಲಿನವರ ಮಗ. ಗಿರಾಕಿ ಎದ್ರು ಬಾಯಿ ಮುಚ್ಚಿ ನಿಲ್ಲುದು ಮಾತ್ರ ನಂಗೆ ಗೊತ್ತುಂಟು."

"ಬಾರಯ್ಯ. ಸೈಟ್ನಲ್ಲಿ ನೀನು ಒಂಟಿ. ಸಂಘದಲ್ಲಿ ನಾವೆಲ್ಲ ಇರ್ತೀವಿ," ಎಂದೆ.

ನೀನು ನಂಬಿದೆ. ನಂಬಿದ್ದರಿಂದಲೇ ಒಂದು ಭಾನುವಾರ ನನ್ನನ್ನು ಸೈಟಿಗೆ ಕರೆದೊಯ್ದೆ. ಮೊದಲು ಮುಗಿದಿದ್ದ ಕಟ್ಟಡದ ಕೆಳ ಅಂತಸ್ತು; ಕಂಬಗಳಲ್ಲಿ ಕಂಬಿಯ ಗುಂಟ ಉದ್ದಕ್ಕೆ ಬಿರುಕು. ಅದನ್ನು ಕಟ್ಟಿದ ವರ್ಷದ ಬರಗಾಲದಲ್ಲಿ ಸಿಹಿನೀರಿನ ಲಾರಿ ಬಾರದೆ, ಸಮುದ್ರದ ಪಕ್ಕದ ಬಾವಿಯ ಉಪ್ಪುನೀರಲ್ಲೇ ಕಾಂಕ್ರೀಟು ಕಲಸಿದ್ದರು. ಉಪ್ಪು ಒಳಗಿನ ಕಬ್ಬಿಣ ತಿನ್ನುತ್ತದೆ, ತುಕ್ಕು ಉಬ್ಬಿ ಕಂಬವನ್ನೇ ಒಡೆಯುತ್ತದೆ. ಗಾರೆ ಮೆತ್ತಿ ಸುಣ್ಣ ಹೊಡೆಯಿರಿ ಎಂದು ನಿನಗೆ ಮೇಲಿನಿಂದ ಅಪ್ಪಣೆಯಾಗಿತ್ತು. ನಾನು ಬಿರುಕಿಗೆ ಉಗುರು ಹಾಕಿದೆ. ಕೆಂಪು ಪುಡಿ ಉದುರಿತು.

"ಇದನ್ನ ಸಂಘದಲ್ಲಿ ಹೇಳು," ಎಂದವನು ನಾನೇ.

ನಮ್ಮಲ್ಲೊಂದು ಪದ್ಧತಿಯಿತ್ತು. ಪ್ರತಿ ಸಭೆಯಲ್ಲೂ ಒಬ್ಬ ಸದಸ್ಯ ತಾನು ಕಂಡ ಒಂದು ಕಟ್ಟಡದ ಸೋಲನ್ನು ವಿವರಿಸಬೇಕು — ಊರು, ಕಂಪನಿ ಯಾವುದನ್ನೂ ಹೆಸರಿಸದೆ. ಕೇಳುವವರು ಎಲ್ಲಿ, ಯಾರು ಎಂದು ವಿಚಾರಿಸಬಾರದು. ಎಂಜಿನಿಯರುಗಳು ಸಂಘಕ್ಕೆ ಸೇರಬೇಕಾದದ್ದೇ ಇದಕ್ಕಾಗಿ ಎಂದು ನಾನು ಎಲ್ಲರಿಗೂ ಹೇಳುತ್ತಿದ್ದೆ. ಅಷ್ಟು ಸಣ್ಣ ವೃತ್ತಿಯಲ್ಲಿ ಹೆಸರು ಬಿಟ್ಟ ಮಾತ್ರಕ್ಕೆ ಯಾರೂ ಮರೆಯಾಗುವುದಿಲ್ಲ ಎಂಬುದು ನನಗೆ ಹೊಳೆಯಲಿಲ್ಲ. ಅಥವಾ ಹೊಳೆದಿತ್ತೇ? ಆ ತಿಂಗಳಿಗೆ ಮಾತಾಡುವವರು ಸಿಕ್ಕಿರಲಿಲ್ಲ, ಅಷ್ಟು ನೆನಪಿದೆ.

ನೀನು ಮಾತಾಡಿದ ಸಭೆಗೆ ನಿನ್ನ ಕಂಪನಿಯ ಯಜಮಾನರು ಬಂದಿದ್ದರು. ಸಂಘದ ಉಪಾಧ್ಯಕ್ಷರಾದರೂ ಅಪರೂಪಕ್ಕೆ ಬರುವವರು. ನೀನು ಮುಗಿಸಿದ ಮೇಲೆ ಮುಂದಿನ ಸಾಲಿನಿಂದ ಎದ್ದರು. ದನಿಯಲ್ಲಿ ಸಿಟ್ಟೇ ಇರಲಿಲ್ಲ.

"ತಂಬಿ, ನೀ ಮಟ್ಟುಂ ದಾನ್ ಪಾತ್ತಿಯಾ? ವೇರೆ ಯಾರಾವದು?"

ನೀನೊಬ್ಬನೇ ನೋಡಿದ್ದೋ, ಬೇರೆ ಯಾರಾದರೂ ಉಂಟೋ — ಅಷ್ಟೇ ಪ್ರಶ್ನೆ. ನೀನು ತಿರುಗಿ ನನ್ನನ್ನು ನೋಡಿದೆ.

ಎಷ್ಟೋ ವರ್ಷ ನನ್ನ ನೆನಪಿನಲ್ಲಿ, ಆ ಹೊತ್ತಿಗೆ ನಾನು ಹಿಂಬಾಗಿಲ ಬಳಿ ಕಾಫಿಯ ವ್ಯವಸ್ಥೆ ನೋಡುತ್ತಿದ್ದೆ. ಪ್ರಶ್ನೆ ನನಗೆ ಸರಿಯಾಗಿ ಕೇಳಿಸಿರಲಿಲ್ಲ. ಲೋಟಗಳ ಸದ್ದು ಕೂಡ ನೆನಪಿತ್ತು. ಆದರೆ ಅದು ಸಾಧ್ಯವೇ ಇಲ್ಲ. ಕಾರ್ಯದರ್ಶಿ ಕೂರುತ್ತಿದ್ದುದು ವೇದಿಕೆಯ ಮೇಲೆ, ಮಾತಾಡುವವನ ಪಕ್ಕದಲ್ಲಿ. ನಿನ್ನ ತೋಳು ನನಗೆ ತಾಗುತ್ತಿತ್ತು. ನೆನಪು ನನ್ನನ್ನು ಅಲ್ಲಿಂದ ಎಬ್ಬಿಸಿ ಬಾಗಿಲಿಗೆ ಕಳಿಸಿತ್ತು. ನಡೆದದ್ದು ಇಷ್ಟು — ನಾನು ಮೈಕಿನತ್ತ ಬಾಗಿ, "ಕಾಪಿ ರೆಡಿ, ಎಲ್ಲಾರುಂ ವಾಂಗೊ," ಎಂದು ಎಲ್ಲರನ್ನೂ ಕಾಫಿಗೆ ಕರೆದೆ. ಜನ ನಗುತ್ತ ಎದ್ದರು.

ನಮ್ಮ ಕಚೇರಿಗೆ ನಿನ್ನ ಯಜಮಾನರಿಂದ ಕೆಲಸ ಬರುತ್ತಿತ್ತು. ಸಂಘ ಒಡೆದೀತು ಎಂಬ ಭಯವೂ ಇತ್ತು. ಆ ಕ್ಷಣ ಇದನ್ನೆಲ್ಲ ಯೋಚಿಸಿದ್ದೆನೋ, ಆಮೇಲೆ ಹೊಂದಿಸಿಕೊಂಡೆನೋ —

ಮೆಟ್ಟಿಲ ಬಳಿ ನೀನು ಕೇಳಿದೆ: "ಉಗುರು ಹಾಕಿ ನೋಡಿದ್ದು ನೀವೇ ಅಲ್ವಾ ಮಾರಾಯ್ರೆ?"

"ಆಮೇಲೆ ಮಾತಾಡೋಣ," ಎಂದೆ.

ಸುಳ್ಳು ಹೇಳಿ ಕಂಪನಿಯ ಹೆಸರು ಕೆಡಿಸಿದವನೆಂದು ನಿನ್ನನ್ನು ಬಿಡಿಸಿದರು. ಆ ಮಾತು ನಿನಗಿಂತ ಮೊದಲೇ ಎಲ್ಲ ಕಚೇರಿಗಳಿಗೂ ತಲುಪಿತ್ತು. ಮಾಧವರಂನಲ್ಲಿ ಮಾವನ ಹೋಟೆಲಿನ ಗಲ್ಲಾದಲ್ಲಿ ಕೂತಿದ್ದೀಯೆಂದು ಯಾರೋ ಹೇಳಿದರು. ಆ ದಾರಿಯ ಬಸ್ಸು ಹತ್ತುವುದನ್ನೇ ಬಿಟ್ಟೆ. ಸಂಘ ಮಾತ್ರ ಬೆಳೆಯಿತು. ಹೊಸ ಎಂಜಿನಿಯರುಗಳ ಹೆಗಲ ಮೇಲೆ ಕೈಯಿಟ್ಟು, "ನಾವೆಲ್ಲ ಇರ್ತೀವಿ" ಎಂದು ನಾನು ಹೇಳುತ್ತಲೇ ಇದ್ದೆ. ಹೇಳಿದ ದಿನಗಳಲ್ಲೆಲ್ಲ ಮನೆಗೆ ಬಂದು ದೀಪ ಹಾಕದೆ ಮಲಗುತ್ತಿದ್ದೆ.

ಆ ವಸತಿಯಲ್ಲಿ ಈಗಲೂ ಸಂಸಾರಗಳಿವೆ. ಕಳೆದ ವಾರ ಹೋಗಿ ಹೊರಗೆ ನಿಂತು ನೋಡಿದೆ. ಗಾರೆಯ ಮೇಲೆ ಬಿರುಕು ಮತ್ತೆ ಬಂದಿದೆ, ಅದರ ಪಕ್ಕದಲ್ಲೇ ಒಬ್ಬಾಕೆ ಬಟ್ಟೆ ಒಣಹಾಕುತ್ತಿದ್ದಳು.

ಮೊದಲು ನಿನ್ನ ಬಳಿ ಬರಬೇಕೆಂದುಕೊಂಡಿದ್ದೆ. ಆದರೆ ಸಭೆಯೆದುರು ನುಂಗಿದ ಮಾತನ್ನು ನಿನ್ನೊಬ್ಬನ ಕಿವಿಯಲ್ಲಿ ಹೇಳಿ ಹಗುರಾಗುವುದು ಇನ್ನೊಂದು ಮೋಸ. ನಾಳೆ ಎಣ್ಣೂರಿನ ಆ ಮನೆಗಳವರಿಗೆ ಹೇಳುತ್ತೇನೆ. ಆಮೇಲೆ ಸಂಘದಲ್ಲಿ, ಕಟ್ಟಡವನ್ನೂ ಕಂಪನಿಯನ್ನೂ ನಿನ್ನನ್ನೂ ಹೆಸರಿಸಿ. ಅದಾದ ಮೇಲೂ ನಿನ್ನ ಮುಂದೆ ಬಂದು ನಿಲ್ಲುವ ಧೈರ್ಯ ಬರುತ್ತದೆಯೋ ಇಲ್ಲವೋ — ಗೊತ್ತಿಲ್ಲ.