ಕಪ್ಪೆ ಸುಮ್ಮನಾದ ಜಾಗ

ದೆವ್ವ ಕಂಡೆ ಅಂತ ನಾನು ಹೇಳುತ್ತಿಲ್ಲ. ಏನೂ ಕಾಣಲಿಲ್ಲ. ಇದು ಕಿವಿಗೆ ಬಿದ್ದದ್ದು... ಸರಿಯಾಗಿ ಹೇಳಬೇಕೆಂದರೆ, ಬೀಳದೇ ಹೋದದ್ದು. ನಂಬುವವರು ನಂಬಿ. ಈ ವಯಸ್ಸಿನಲ್ಲಿ ಸುಳ್ಳು ಹೇಳಿ ನನಗೆ ಆಗಬೇಕಾದ್ದು ಏನೂ ಇಲ್ಲ.

ಅರವತ್ತರ ದಶಕದ ಶುರು. ಶಿಡ್ಲಘಟ್ಟದ ಹತ್ತಿರ ನಮ್ಮೂರು. ನನಗೆ ಹದಿನೈದು ವರ್ಷ. ಅಪ್ಪ ಊರಿನ ನೀರುಗಂಟಿ. ಕೆರೆಯ ತೂಬು ತೆಗೆದು ಮುಚ್ಚುವುದು, ಮಳೆ ಬಂದ ರಾತ್ರಿ ಏರಿ ಕಾಯುವುದು ಅವನ ಕೆಲಸ. ನಾನೂ ಎಷ್ಟೋ ಸಲ ಜೊತೆಗೆ ಹೋಗಿ ಕೂತಿದ್ದೆ.

"ಕಪ್ಪೆ ಕೂಗಿ ಮಳೆ ಕರೀತದೆ ಅಂತಾರಲ್ಲ, ಸುಳ್ಳು ಕಣಮ್ಮ" ಎಂದು ಅಪ್ಪ ನಗುತ್ತಿದ್ದ. "ಗಂಡು ಕಪ್ಪೆ ಹೆಣ್ಣನ್ನ ಕರೀತದೆ. ನೀರಿರೋ ನಾಕು ದಿನದಲ್ಲೇ ಸಂಸಾರ ಮುಗೀಬೇಕು, ಪಾಪ. ಹತ್ರ ಯಾರಾದ್ರೂ ಬಂದ್ರೆ ಮಾತ್ರ ಗಪ್ಪಾಗ್ತವೆ. ದಾಟಿ ಹೋದ್ಮೇಲೆ ಮತ್ತೆ ಶುರು. ಕತ್ತಲಲ್ಲಿ ಕಣ್ಣಿಗಿಂತ ಅದೇ ಮೇಲು."

ಅಂಥ ಅಪ್ಪ ಆ ವರ್ಷದ ಮಳೆಗೆ ಮೂರು ವಾರ ಮೊದಲು ಜ್ವರ ಬಂದು ತೀರಿಕೊಂಡ. ನನಗೆ ಅಳು ಬರಲಿಲ್ಲ. "ಇವಳೇನು ಕಲ್ಲಾ?" ಎಂದು ಅಮ್ಮ ಬೈದಳು. ಅದೂ ತಾಗಲಿಲ್ಲ.

ಕೆಲಸ ಚಿಕ್ಕಪ್ಪನಿಗೆ ಬಂತು. ಅವನಿಗೆ ಕಿವಿ ಮಂದ. ಮೊದಲ ದೊಡ್ಡ ಮಳೆ ಸುರಿದು ಕೆರೆ ತುಂಬತೊಡಗಿದ ರಾತ್ರಿ, "ನೀನೂ ಬಾರಮ್ಮ, ಕಿವಿ ನಿಂದು, ಕೈ ನಂದು" ಎಂದ. ಏರಿ ಒಡೆದರೆ ಮೊದಲು ಕೊಚ್ಚಿಹೋಗುವುದು ಕೆಳಗಿದ್ದ ನಮ್ಮ ಮನೆಯೇ. ಅಮ್ಮ ಅಲ್ಲಿ ಮಲಗಿದ್ದಳು.

ತೂಬಿನ ಪಕ್ಕದ ಗುಡಿಸಲಲ್ಲಿ ಕೂತೆವು. ಸೀಮೆಣ್ಣೆ ವಾಸನೆ, ಹಸಿ ಮಣ್ಣಿನ ವಾಸನೆ. ನಮ್ಮ ಸುತ್ತ ನಾಲ್ಕು ಮಾರು ಬಿಟ್ಟು ಏರಿಯುದ್ದಕ್ಕೂ ವಟರ್... ವಟರ್...

ನಡುರಾತ್ರಿ, ದೂರದ ತುದಿಯಲ್ಲಿ ಒಂದಿಷ್ಟು ಜಾಗ ಸುಮ್ಮನಾಯಿತು.

ಆ ಸದ್ದಿಲ್ಲದ ಜಾಗ ನಮ್ಮ ಕಡೆ ಸರಿಯಿತು. ಮುಂದಿದ್ದ ಕಪ್ಪೆಗಳು ಬಾಯಿ ಮುಚ್ಚಿದವು, ಹಿಂದಿದ್ದವು ಮತ್ತೆ ಶುರು ಮಾಡಿದವು. ಸ್ವಲ್ಪ ದೂರ ಬರುವುದು, ನಿಲ್ಲುವುದು. ಮತ್ತೆ ಬರುವುದು... ಅಪ್ಪ ಏರಿಯ ಮೇಲೆ ನಡೆಯುತ್ತಿದ್ದುದು ಹಾಗೆಯೇ, ಅಲ್ಲಲ್ಲಿ ನಿಂತು ದೊಣ್ಣೆಯಿಂದ ಮಣ್ಣು ತಟ್ಟಿ ನೋಡುತ್ತಾ.

ಹೊಂಗೆ ಮರದ ಹತ್ತಿರ ಅದು ನಿಂತಿತು. ಎಷ್ಟು ಹೊತ್ತಾದರೂ ಮುಂದೆ ಬರಲಿಲ್ಲ.

"ಚಿಕ್ಕಪ್ಪ, ಹೊಂಗೆ ಮರದತ್ರ ಯಾರೋ ಅವ್ರೆ." ಎರಡು ಸಲ ಹೇಳಬೇಕಾಯಿತು.

ಲಾಂದ್ರ ಹಿಡಿದು ಹೋದೆವು. ಯಾರೂ ಇರಲಿಲ್ಲ. ಏರಿಯ ಹಿಂಬದಿಯಲ್ಲಿ, ಮಣ್ಣಿನೊಳಗಿಂದ ಬೆರಳ ಗಾತ್ರದ ನೀರು ಹರಿದು ಬರುತ್ತಿತ್ತು.

"ಅಯ್ಯೋ, ಏಡಿ ಬಿಲ!" ಚಿಕ್ಕಪ್ಪ ಕೆರೆಗಿಳಿದು, ಬಿಲ ತಡಕಿ, ಹುಲ್ಲು, ಜೇಡಿಮಣ್ಣು ತುರುಕಿ ತುಳಿದ. ನಾನು ಮಣ್ಣು ಹೊತ್ತು ಕೊಟ್ಟೆ. ಕೊನೆಗೆ ನೀರು ನಿಂತಿತು.

"ಹೆಂಗೆ ಗೊತ್ತಾಯ್ತಮ್ಮ ನಿಂಗೆ?"

"ಕಪ್ಪೆ ಸುಮ್ನಾದ್ವು."

"ಹಾವೇನಾದ್ರೂ ಬಂದಿರ್ಬೇಕು ಬಿಡು."

ಗುಡಿಸಲಿಗೆ ಮರಳಿದ ಮೇಲೆ ಹೊಂಗೆ ಮರದ ಕಡೆಯಿಂದ ಆ ಸದ್ದಿಲ್ಲದ ಜಾಗ ಮತ್ತೆ ಹೊರಟಿತು. ಈ ಸಲ ಎಲ್ಲೂ ನಿಲ್ಲಲಿಲ್ಲ. ನಮ್ಮ ಸುತ್ತ ಕಪ್ಪೆಗಳು ಮೊದಲೇ ಸುಮ್ಮನಿದ್ದವಲ್ಲ, ಬಂದು ಆ ಮೌನಕ್ಕೆ ಸೇರಿಕೊಂಡಿತು. ಆಮೇಲೆ ಒಳಗೆ ಬಂತೋ, ಹೊರಗೇ ಇತ್ತೋ... ತಿಳಿಯುವ ದಾರಿಯೇ ಇರಲಿಲ್ಲ. ನನಗೆ ಭಯವೂ ಆಗಲಿಲ್ಲ. ಕೈಗೆ ಮೆತ್ತಿದ ಮಣ್ಣು ಒಣಗುವವರೆಗೂ ಸುಮ್ಮನೆ ಕೂತಿದ್ದೆ.

ಬೆಳಕು ಹರಿಯುವ ಮೊದಲು ಎದ್ದು ಮನೆ ಕಡೆ ಹೊರಟೆವು. ನಾವು ದಾಟಿದ ಕಡೆಯೆಲ್ಲ ಕಪ್ಪೆಗಳು ಮತ್ತೆ ಶುರುವಾದವು. ಗುಡಿಸಲ ಸುತ್ತ ಮಾತ್ರ ಇಲ್ಲ.

"ಚಿಕ್ಕಪ್ಪ... ಅಲ್ಲಿ ಇನ್ನೂ ಕೂಗ್ತಿಲ್ಲ."

ಯಾವ ಮಾತನ್ನೂ ಎರಡು ಸಲ ಹೇಳಿಸಿಕೊಳ್ಳುವ ಮನುಷ್ಯ, ಆಗ ಮಾತ್ರ ಹೇಳಿಸಿಕೊಳ್ಳಲಿಲ್ಲ. "ನಡೆಯಮ್ಮ. ತಿರುಗಿ ನೋಡ್ಬೇಡ" ಎಂದ.

ನೋಡಲಿಲ್ಲ. ಒಂದು ಸಲ "ಅಪ್ಪಾ" ಅನ್ನಬಹುದಿತ್ತು. ಅದನ್ನೂ ಅನ್ನಲಿಲ್ಲ.

ಈಗಲೂ ಮಳೆಗಾಲದಲ್ಲಿ ಕಪ್ಪೆಗಳು ಎಷ್ಟು ಕೂಗಿದರೂ ನನಗೆ ನಿದ್ದೆ ಬರುತ್ತದೆ. ನಿಲ್ಲಿಸಿದಾಗ ಎಚ್ಚರವಾಗುತ್ತದೆ.