ದೇವರೊಡನೆ ಜಗಳವಾಡುತ್ತಿದ್ದ ನರ್ಸಮ್ಮ

ನರ್ಸಮ್ಮನ ಬಲಗೈಯ ತೋರುಬೆರಳು, ನಡುಬೆರಳು ಮಡಿಚುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಸೂಜಿ ಕುದಿಸುವ ನೀರು ಮೇಲೆ ಬಿದ್ದು ಚರ್ಮ ಬಿಗಿದುಕೊಂಡುಬಿಟ್ಟಿತ್ತು. ಅನ್ನ ಕಲಸುವಾಗಲೂ ಬಟ್ಟೆ ಹಿಂಡುವಾಗಲೂ ಆ ಎರಡು ಬೆರಳು ನೆಟ್ಟಗೆ ನಿಂತಿರುತ್ತಿದ್ದವು. ಬೈಬಲ್ ಹಿಡಿದು ಕೂತಾಗಲಂತೂ ಎದುರಿಗಿದ್ದ ಯಾರನ್ನೋ ತೋರಿಸಿ ‘ನೀನೇ, ನೀನೇ’ ಎನ್ನುತ್ತಿರುವ ಹಾಗೆ ಕಾಣುತ್ತಿತ್ತು.

ಎಪ್ಪತ್ತರ ದಶಕದ ಮೊದಲ ವರ್ಷಗಳು. ಚಿಕ್ಕಜಾಜೂರಿನ ರೈಲ್ವೆ ಕ್ವಾರ್ಟರ್ಸಿನಲ್ಲಿ ಅವರದು ನಮ್ಮ ಪಕ್ಕದ ಮನೆ. ಚಿತ್ರದುರ್ಗದಲ್ಲಿ ನರ್ಸಾಗಿದ್ದು, ನಿವೃತ್ತಿಯಾದ ಮೇಲೆ ರೈಲ್ವೆಯಲ್ಲಿದ್ದ ತಮ್ಮನ ಮಗನ ಜೊತೆ ಬಂದು ಸೇರಿದ್ದರು. ಬೆಳಿಗ್ಗೆ ಜಗುಲಿಯಲ್ಲಿ ಗಟ್ಟಿಯಾಗಿ ಓದುವರು. ಓದುತ್ತ ಓದುತ್ತ ನಿಲ್ಲಿಸಿ ಜಗಳ ತೆಗೆಯುವರು. ‘ಇದೇನಪ್ಪ ನಿಂದು? ದೊಡ್ಡೋರು ಕೆಟ್ಟೋರು, ಸರಿ. ಎಳೆ ಮಕ್ಕಳನ್ನೂ ಯಾಕೆ ಪ್ರಳಯದ ನೀರಿಗೆ ಮುಳುಗಿಸಿದೆ?’ ಮದುವೆಯಾಗಿ ಬಂದ ಹೊಸದರಲ್ಲಿ, ಪಾಪ ಯಾವ ನೆಂಟನಿಗೆ ಬೈಯುತ್ತಿದ್ದಾರೋ ಎಂದುಕೊಂಡಿದ್ದೆ. ಬೈಸಿಕೊಳ್ಳುತ್ತಿರುವುದು ದೇವರು ಎಂದು ನನ್ನ ಗಂಡ ಹೇಳಿದಾಗ ಹೆದರಿಕೆಯಾಯಿತು.

ನಾನು ತಾಳ್ಯದ ಕಡೆಯ ಕುರಿ ಸಾಕುವವರ ಮನೆಯವಳು. ಹಳಿ ರಿಪೇರಿ ಗ್ಯಾಂಗಿನಲ್ಲಿದ್ದ ಕ್ರೈಸ್ತರ ಹುಡುಗನನ್ನು ಮೆಚ್ಚಿ ಹೊರಟುಬಂದಿದ್ದೆ. ಮದುವೆಗಾಗಿ ಕ್ರೈಸ್ತಳಾಗುವ ದೀಕ್ಷಾಸ್ನಾನವನ್ನೂ ಪಡೆದೆ. ನಮ್ಮವರು ನನ್ನ ಹೆಸರು ಎತ್ತುವುದನ್ನೇ ಬಿಟ್ಟರು. ಅತ್ತೆಗೆ ನಾನು ಕೊನೆಯವರೆಗೂ ‘ಆ ಕುರಿಯೋರ ಹುಡುಗಿ’. ಹೆರಿಗೆಯ ನೋವಿನಲ್ಲಿ ನಾನು ಕಿರುಚಿದಾಗ ಅತ್ತೆ, ‘ಬಾಯಿ ಮುಚ್ಚು, ಕ್ವಾರ್ಟರ್ಸ್ ಲೈನಿನೋರೆಲ್ಲ ಕೇಳ್ತಾರೆ’ ಎಂದರು. ಹೆರಿಗೆ ಮಾಡಿಸುತ್ತಿದ್ದ ನರ್ಸಮ್ಮ ಅತ್ತೆಯನ್ನೇ ಹೊರಗೆ ಕಳಿಸಿ ಬಾಗಿಲು ಹಾಕಿದರು. ‘ಕೂಗವ್ವ. ನಿನ್ನ ನೋವು, ನಿನ್ನ ಬಾಯಿ.’

ಹೆಣ್ಣುಮಗು. ಗೋಡೆ ಹಿಡಿದು ನಡೆಯಲು ಕಲಿತಿತ್ತು. ಒಂದು ಬೇಸಿಗೆಯಲ್ಲಿ ವಾಂತಿಭೇದಿ ಹತ್ತಿತು. ಚಿತ್ರದುರ್ಗದ ಆಸ್ಪತ್ರೆಗೆಂದು ರೈಲು ಹತ್ತಿದೆವು. ನರ್ಸಮ್ಮ ಹತ್ತಿಯಲ್ಲಿ ನೀರು ಅದ್ದಿ ಅದ್ದಿ ಮಗುವಿನ ತುಟಿಗೆ ಹಿಂಡುತ್ತಿದ್ದರು. ದಾರಿಯಲ್ಲೇ ಮಗು ಹೋಯಿತು. ಅವರು ಅದರ ಕಣ್ಣು ಮುಚ್ಚಿ, ಕಿಟಕಿಯ ಕಡೆ ತಿರುಗಿ, ‘ಥೂ’ ಎಂದರು. ಯಾರಿಗೆ ಅಂದರೆಂದು ನನಗೆ ಗೊತ್ತಿತ್ತು.

ಮಗುವಿಗೆ ದೀಕ್ಷಾಸ್ನಾನ ಆಗಿರಲಿಲ್ಲ. ತಾಯಿಯ ನಂಬಿಕೆ ಇನ್ನೂ ಗಟ್ಟಿಯಾಗಲಿ ಎಂದು ಚರ್ಚಿನ ಸಭೆಯ ಪಾದ್ರಿ ಅಯ್ಯನವರು ಅದನ್ನು ಮುಂದಕ್ಕೆ ಹಾಕುತ್ತಲೇ ಬಂದಿದ್ದರು. ಈಗ ಅದೇ ಕಾರಣಕ್ಕೆ ಸ್ಮಶಾನದ ಬೇಲಿಯ ಒಳಗೆ ಜಾಗ ಕೊಡಲಿಲ್ಲ. ಬೇಲಿಯಾಚೆ ಜಾಲಿಗಿಡಗಳ ನಡುವೆ, ಪ್ರಾರ್ಥನೆಯೂ ಇಲ್ಲದೆ, ನನ್ನ ಗಂಡ ಒಬ್ಬರೇ ಗುಂಡಿ ತೋಡಿ ಹೂತು ಬಂದರು.

ಅದಾದ ಮೇಲೆ ಸಾಂತ್ವನದ ಕೂಟವೆಂದು ಅಯ್ಯನವರು ರೈಲಿನಲ್ಲಿ ನಮ್ಮ ಮನೆಗೆ ಬಂದರು. ಪಡಸಾಲೆ ತುಂಬ ಜನ. ಅವರು ಓದಿದ್ದು ದಾವೀದ ರಾಜನ ಕೂಸು ಸತ್ತ ಭಾಗ. ದಾವೀದ ಇನ್ನೊಬ್ಬನ ಹೆಂಡತಿಯನ್ನು ಕೂಡಿದ, ಆ ಗಂಡನನ್ನು ಕೊಲ್ಲಿಸಿದ. ಅದಕ್ಕೆ ದೇವರು ಹುಟ್ಟಿದ ಕೂಸಿಗೆ ರೋಗ ತಂದ. ಓದು ಮುಗಿಸಿ ಅಯ್ಯನವರು ನನ್ನ ಕಡೆ ನೋಡಿದರು. ‘ಹೆತ್ತವರ ಶಾಪ ಹೊತ್ತು ಕಟ್ಟಿಕೊಂಡ ಸಂಸಾರ. ದೇವರು ಎಚ್ಚರಿಕೆ ಕೊಟ್ಟಿದ್ದಾನೆ.’

‘ಆಮೆನ್’ ಎಂದರು ಅತ್ತೆ.

ನರ್ಸಮ್ಮ ಎದ್ದು ನಿಂತರು. ‘ಸಾಂತ್ವನ ಮುಗೀತಾ ಅಯ್ಯನೋರೆ?’

‘ಇದು ನನ್ನ ಮಾತಲ್ಲ ನರ್ಸಮ್ಮ. ದೇವರ ವಾಕ್ಯ.’

‘ವಾಕ್ಯ ಅವನ್ದೇ ಇರ್ಲಿ. ಇಷ್ಟು ದಪ್ಪ ಪುಸ್ತಕದಾಗೆ ಈ ತಾಯಿ ಮುಂದೆ ಆ ಪುಟ ತೆಗೆದಿದ್ದು ನಿಮ್ಮ ಕೈ. ಎದ್ದೇಳ್ರಿ, ರೈಲಿನ ಹೊತ್ತಾತು.’

‘ಯಾರ ಮನೇಲಿ ನಿಂತು ಯಾರನ್ನ ಎಬ್ಬಿಸ್ತೀಯ?’ ಎಂದು ಅತ್ತೆ ಹರಿಹಾಯ್ದರು. ನನ್ನ ಗಂಡ ಮೊದಲ ಬಾರಿಗೆ ತಾಯಿಗೆ ಎದುರು ನಿಂತು, ‘ಅವರು ಹೇಳಿದ್ದು ಸರಿ ಐತೆ’ ಎಂದು ಅಯ್ಯನವರ ಚಪ್ಪಲಿಯನ್ನು ಬಾಗಿಲ ಹೊರಕ್ಕೆ ತಿರುಗಿಸಿಟ್ಟರು. ಅಂದಿನಿಂದ ಸಭೆಯವರು ನರ್ಸಮ್ಮನಿಗೆ ಪ್ರಭುಭೋಜನದ ರೊಟ್ಟಿ, ದ್ರಾಕ್ಷಾರಸ ಕೊಡುವುದನ್ನು ನಿಲ್ಲಿಸಿದರು. ಲೈನಿನ ಹೆಂಗಸರು ಅವರನ್ನು ಕಂಡರೆ ಬಾಗಿಲು ಮುಂದೆ ಮಾಡುತ್ತಿದ್ದರು.

ನನಗೆ ಆ ಜಗಳದಿಂದ ಸಮಾಧಾನವೇನೂ ಆಗಲಿಲ್ಲ. ಕೆಲವು ದಿನಗಳಾದ ಮೇಲೆ ಮನೆಯ ಬೈಬಲ್ಲನ್ನು ಎತ್ತಿಕೊಂಡು ಹೋಗಿ ಅವರ ಜಗುಲಿಯ ಮೇಲೆ ಎಸೆದೆ.

‘ಅಯ್ಯನೋರನ್ನ ಓಡಿಸಿದ್ರಿ. ಆದರೆ ಅದರಾಗೆ ಬರೆದೈತಲ್ಲ? ಸುಳ್ಳಾ?’

‘ಬರೆದೈತೆ’ ಎಂದರು. ‘ಆ ಪುಟದ ಸಂಗಡ ನಂದಿನ್ನೂ ಜಗಳ ಮುಗಿದಿಲ್ಲ. ನಿಂಗೆ ಸುಳ್ಳು ಸಮಾಧಾನ ಹೇಳಲ್ಲ ನಾನು. ಕುಂತ್ಕ. ಇದಕ್ಕಿಂತ ಕೆಟ್ಟದ್ದು ಒಂದೈತೆ, ಓದು.’

ಅವರು ತೆಗೆದುಕೊಟ್ಟ ಪುಟವನ್ನು ಸಿಟ್ಟಿನಲ್ಲೇ ಓದಿದೆ. ದೇಶಕ್ಕೆ ಬರ ಬಂದಿತ್ತು. ಹಿಂದಿನ ರಾಜ ಒಂದು ಜನಾಂಗವನ್ನು ಕೊಂದಿದ್ದೇ ಕಾರಣವೆಂದು ದೇವರು ತಿಳಿಸಿದ. ದಾವೀದ ಆ ಜನರಲ್ಲಿ ಉಳಿದವರನ್ನು ಕರೆಸಿ, ನಿಮಗೆ ಏನು ಬೇಕೆಂದು ಕೇಳಿದ. ಹಳೆಯ ರಾಜನ ಸಂತಾನದ ಏಳು ಮಂದಿ ಬೇಕೆಂದರು. ಕೊಟ್ಟ. ಬೆಟ್ಟದ ಮೇಲೆ ದೇವರ ಹೆಸರಿನಲ್ಲಿ ನೇತುಹಾಕಿದರು. ಅವರಲ್ಲಿ ಇಬ್ಬರು ರಿಚ್ಪ ಎಂಬ ಹೆಂಗಸಿನ ಮಕ್ಕಳು. ಅವಳು ಬಂಡೆಯ ಮೇಲೆ ಗೋಣಿತಟ್ಟು ಹಾಸಿ ಕೂತು, ಸುಗ್ಗಿಯ ಕಾಲದಿಂದ ಮಳೆ ಬೀಳುವವರೆಗೆ, ಹಗಲು ಹಕ್ಕಿಗಳನ್ನೂ ರಾತ್ರಿ ಮೃಗಗಳನ್ನೂ ಆ ಹೆಣಗಳ ಹತ್ತಿರ ಬರಗೊಡಲಿಲ್ಲ.

‘ಇಂಥಾ ದೇವರನ್ನ ಕಟ್ಕೊಂಡು ಏನು ಮಾಡ್ಲಿ?’ ಎಂದೆ.

‘ನೇತುಹಾಕ್ರಿ ಅಂತ ಅವನು ಎಲ್ಲಿ ಹೇಳ್ಯಾನೆ, ತೋರ್ಸು.’

ಮತ್ತೆ ಓದಿದೆ. ಹೇಳಿರಲಿಲ್ಲ. ತಪ್ಪು ಯಾರದೆಂದು ಮಾತ್ರ ಹೇಳಿದ್ದ. ಕೇಳಿದವರು ಆ ಜನ, ಒಪ್ಪಿಸಿದವನು ರಾಜ.

‘ಹೆಣ ಬಿದ್ದ ಕೂಡ್ಲೇ ದೇವರು ದೇಶದೋರ ಮೊರೆ ಕೇಳಿದ್ನಾ?’

ಇಲ್ಲ. ಆ ತಾಯಿ ಕಾದು ಕೂತ ಸುದ್ದಿ ರಾಜನಿಗೆ ಮುಟ್ಟಿ, ಅವನು ಎಲುಬುಗಳನ್ನು ತರಿಸಿ ಮರ್ಯಾದೆಯಿಂದ ಮಣ್ಣು ಮಾಡಿಸಿದ. ಅದಾದ ಮೇಲೆಯೇ ದೇವರು ದೇಶದ ಮೊರೆ ಕೇಳಿದ ಎಂದಿತ್ತು.

ನನ್ನ ಕಣ್ಣು ಮಾತ್ರ ಆ ಹೆಂಗಸಿನ ಮೇಲೇ ನಿಂತಿತ್ತು. ‘ಮರಿ ಸತ್ರೆ ಕಾಗೆ ಮೊದಲು ಕಣ್ಣಿಗೇ ಬರೋದು’ ಎಂದೆ. ‘ತಾಯಿಕುರಿ ಕಾಲು ಬಡೀತಾ ಅಡ್ಡ ನಿಲ್ಲುತ್ತೆ. ಮೇವು ಮುಟ್ಟಲ್ಲ. ನಾವೇ ಎಳ್ಕೊಂಡು ಹೋಗ್ಬೇಕು.’

ನರ್ಸಮ್ಮ ಪುಸ್ತಕವನ್ನು ತಮ್ಮ ಕಡೆ ಎಳೆದುಕೊಂಡರು. ಆಮೇಲೆ ಹೇಳಿದರು: ‘ದೇವರು ನನ್ನ ಕಡೆ ಅಂತ ರಾಜ ತಿಳ್ಕೊಂಡಿದ್ದ. ಅಯ್ಯನೋರೂ ಹಂಗೇ ತಿಳ್ಕೊಂಡವ್ರೆ. ನಂಗೆ ಕಾಣೋದು ಬ್ಯಾರೆ. ಅವನು ಆ ಗೋಣಿತಟ್ಟಿನ ಮ್ಯಾಲೆ ಅವಳ ಮಗ್ಗುಲಿಗೆ ಕುಂತು ಕಾಗೆ ಓಡಿಸ್ತಿದ್ದ. ಇಲ್ದಿದ್ರೆ ಒಬ್ಬ ಹೆಂಗಸಿನ ಕೈಲಿ ಅಷ್ಟು ಕಾಲ ಆಗೋ ಕೆಲಸ ಅಲ್ಲ ಅದು.’

ನಾನು ನಂಬಲಿಲ್ಲ. ಆದರೆ ಅಳು ಬಂತು. ಮಗು ಸತ್ತ ಮೇಲೆ ಬಂದ ಮೊದಲ ಅಳು.

‘ಏಳು, ಹೋಗಾಣ’ ಎಂದರು ಅವರು.

ಹಳಿಯ ಪಕ್ಕದ ಜಲ್ಲಿ ರಾಶಿಯ ಹತ್ತಿರ ಕೆಲಸದಲ್ಲಿದ್ದ ನನ್ನ ಗಂಡನನ್ನೂ ಕರೆದುಕೊಂಡು ಮೂವರೂ ಸ್ಮಶಾನದ ಕಡೆ ನಡೆದೆವು. ಬೇಲಿಯಾಚೆಯ ಮಣ್ಣನ್ನು ನಾಯಿಗಳು ಆಗಲೇ ಕೆದರಿದ್ದವು. ಬಯಲಿನ ಕಲ್ಲುಗಳನ್ನು ಆರಿಸಿ ತಂದು ಗುಂಡಿಯ ಮೇಲೆ ಒತ್ತಾಗಿ ಜೋಡಿಸಿದೆವು. ನರ್ಸಮ್ಮ ಮಡಿಚದ ಬೆರಳಿನ ಕೈಯಲ್ಲೇ ಜಾಲಿಮುಳ್ಳು ಎಳೆದು ಸುತ್ತ ಹಾಕಿದರು. ರಕ್ತ ಬಂದರೂ ನಿಲ್ಲಿಸಲಿಲ್ಲ. ಕೊನೆಗೆ ನಿಂತು, ಕಣ್ಣು ಮುಚ್ಚದೆ, ಪ್ರಾರ್ಥನೆ ಮಾಡಿದರು:

‘ಈ ಕೂಸನ್ನ ನಿನ್ನ ಸಭೆಯೋರು ಬೇಲಿಯಾಚೆ ಹಾಕ್ಯಾರೆ. ನೀನು ಒಳಗೆ ಕರ್ಕೊಂಡಿದ್ದೀಯ ಅಂತ ನಂಬೀನಿ. ಇಲ್ಲ ಅಂದ್ರೆ ನಾನು ಬಂದಾಗ ನಿನ್ನ ಸುಮ್ನೆ ಬಿಡಲ್ಲ. ಆಮೆನ್.’

ಆ ದಿನದಿಂದ ನಾನೂ ಅವರ ಜಗುಲಿಯಲ್ಲಿ ಕೂರತೊಡಗಿದೆ. ಅತ್ತೆ ತಡೆದರು, ನಿಲ್ಲಲಿಲ್ಲ. ಕಷ್ಟದ ಪುಟಗಳನ್ನೇ ಹುಡುಕಿ ಓದಿದೆವು. ಕೆಲವು ಕಡೆ ದೇವರು ನಮಗೆ ಸಿಕ್ಕಿದ, ಮನೆಯಿಂದ ಅಟ್ಟಿಸಿಕೊಂಡ ದಾಸಿಯ ಮಗು ಮರುಭೂಮಿಯಲ್ಲಿ ಅಳುವಾಗ ಕೇಳಿಸಿಕೊಂಡವನಾಗಿ. ಕೆಲವು ಕಡೆ ಸಿಗಲೇ ಇಲ್ಲ. ಸಿಗದಿದ್ದಾಗ ನರ್ಸಮ್ಮ ಸಿಕ್ಕಿದಂತೆ ನಟಿಸುತ್ತಿರಲಿಲ್ಲ. ‘ಇದನ್ನ ನಾಳೆ ಕೇಳಾಣ’ ಎಂದು ಪುಸ್ತಕ ಮುಚ್ಚುತ್ತಿದ್ದರು.

ಆ ದಶಕ ಮುಗಿಯುವ ಮೊದಲೇ, ಒಂದು ಮಳೆಗಾಲದಲ್ಲಿ, ನರ್ಸಮ್ಮ ಉಸಿರಾಟದ ತೊಂದರೆಯಿಂದ ಚಿತ್ರದುರ್ಗದ ಆಸ್ಪತ್ರೆಯಲ್ಲಿ ತೀರಿಕೊಂಡರು. ಆ ಹೊತ್ತಿಗೆ ಅಯ್ಯನವರು ಬದಲಾಗಿದ್ದರು. ಹೊಸಬರು ನರ್ಸಮ್ಮನನ್ನು ಕಂಡವರಲ್ಲ. ಹೆಣದ ಪೆಟ್ಟಿಗೆಯ ಮುಂದೆ ನಿಂತು, ‘ಈ ತಾಯಿ ಶಾಂತ ಸ್ವಭಾವದವರು, ದೇವರ ಚಿತ್ತಕ್ಕೆ ತಲೆಬಾಗಿ ಬಾಳಿದವರು’ ಎಂದು ಶುರು ಮಾಡಿದರು. ನನಗೆ ತಡೆಯಲಾಗಲಿಲ್ಲ.

‘ಇಲ್ಲ ಅಯ್ಯನೋರೆ’ ಎಂದೆ. ಎಲ್ಲರೂ ತಿರುಗಿ ನೋಡಿದರು. ‘ಇವರು ಒಂದಿನವೂ ತಲೆಬಾಗಿದೋರಲ್ಲ. ದೇವರ ಸಂಗಡ ದಿನಾ ಜಗಳ ಆಡಿದೋರು. ನಾನು ಅವನನ್ನ ಬಿಟ್ಟು ಹೋಗ್ದಂಗೆ ಹಿಡಿದಿದ್ದು ಆ ಜಗಳವೇ.’

ಹೊಸ ಅಯ್ಯನವರು ಒಳ್ಳೆಯವರಿರಬೇಕು. ಪುಸ್ತಕ ಮಡಿಚಿ, ‘ಹಾಗಾದರೆ ಪ್ರಾರ್ಥನೆ ನೀವೇ ಮಾಡ್ರಮ್ಮ’ ಎಂದು ಪಕ್ಕಕ್ಕೆ ಸರಿದರು.

ಜನರ ಮುಂದೆ ನಾನು ಎಂದೂ ಬಾಯಿ ಬಿಟ್ಟವಳಲ್ಲ. ಏನೇನು ಹೇಳಿದೆನೋ ಈಗ ನೆನಪಿಲ್ಲ. ವಾಪಸು ಬರುವಾಗ ರೈಲಿನಲ್ಲಿ ನನ್ನ ಗಂಡ ಮೆಲ್ಲಗೆ ಹೇಳಿದರು: ‘ಪ್ರಾರ್ಥನೆ ಎಲ್ಲಿ ಮಾಡಿದೆ? ದೇವರಿಗೆ ಬೈದೆ ಕಣೇ ನೀನು.’

‘ಬೈದೆ’ ಎಂದೆ. ‘ಕೇಳಿಸ್ಕೊಂಡ, ಬಿಡ್ರಿ.’