ಬಾಣ ಎಲ್ಲಿದೆ ಎಂದು ಕೇಳಿದ ಡಚ್ ಗೆಳೆಯ

ಕಳೆದ ವರ್ಷ ನಮ್ಮ ಕನ್ನಡ ಸಂಘದ ಪಿಕ್ನಿಕ್‌ಗೆ ಹೊರಟ ವೆಂಕಟೇಶ್ ಅಂಕಲ್, ಮರ್ಫಿ ಎಂಬ ಊರಿನ ತಮ್ಮ ಮನೆಯಿಂದ ಅರ್ಧ ಗಂಟೆಯ ದಾರಿಗೆ ಎರಡೂವರೆ ಗಂಟೆ ತೆಗೆದುಕೊಂಡರು.

ಪಿಕ್ನಿಕ್ ನಡೆಯುವ ಲೇಕ್ ಪಕ್ಕದ ಪಾರ್ಕಿನಲ್ಲಿ ಫೋನ್ ಸಿಗ್ನಲ್ ಇರುವುದಿಲ್ಲ. ತಪ್ಪು ತಿರುವು ಹಿಡಿದು ಆಚೆ ದಡಕ್ಕೆ ಹೋಗಿಬಿಟ್ಟಿದ್ದರು. ಅವರು ಬರುವಷ್ಟರಲ್ಲಿ ಬಿಸಿಬೇಳೆಬಾತ್ ಪಾತ್ರೆ ತೊಳೆದಾಗಿತ್ತು.

ಅಂಕಲ್ ರಿಟೈರ್ ಆದ ಡಾಕ್ಟರ್, ವಯಸ್ಸು ಎಪ್ಪತ್ತೆಂಟು. ಇನ್ನೊಂದು ಸಲ ಹೀಗಾದರೆ ಕಾರ್ ಓಡಿಸುವುದೇ ಬೇಡ ಎಂದು ಮಗ ಕಾರ್ತಿಕ್ ಅವತ್ತೇ ಹೇಳಿಬಿಟ್ಟ.

ಈ ಊರಿನಲ್ಲಿ ಕಾರಿಲ್ಲದಿದ್ದರೆ ಕೊತ್ತಂಬರಿ ಸೊಪ್ಪಿಗೂ ಇನ್ನೊಬ್ಬರ ಮುಖ ನೋಡಬೇಕು... ಅಂಕಲ್ ತಲೆ ತಗ್ಗಿಸಿ ಕೂತಿದ್ದರು. ಪಾಪ, ವಯಸ್ಸಾಯಿತು ಎಂದು ನಾನೂ ಅಂದುಕೊಂಡೆ.

ಈ ವರ್ಷವೂ ದಾರಿ ತೋರಿಸುವ ಬೋರ್ಡುಗಳ ಕೆಲಸ ನನ್ನದೇ. ಡಿಸೈನ್ ಮಾಡಿ, ಫಾರ್ಮರ್ಸ್ ಬ್ರಾಂಚ್ ಎಂಬ ಊರಿನ ನಮ್ಮ ಆಫೀಸಿನಲ್ಲಿ ಪಕ್ಕದ ಸೀಟಿನ ಯಾನ್‌ಗೆ ಹೆಮ್ಮೆಯಿಂದ ತೋರಿಸಿದೆ. ಯಾನ್ ನೆದರ್‌ಲ್ಯಾಂಡ್ಸ್‌ನವನು.

ಹಳದಿ ಕೆಂಪು ಬಾರ್ಡರ್, ಭುವನೇಶ್ವರಿ ಚಿತ್ರ, ಹಾರ್ದಿಕ ಸುಸ್ವಾಗತ, ಅಧ್ಯಕ್ಷರ ಫೋಟೊ, ಹದಿನಾಲ್ಕು ಪ್ರಾಯೋಜಕರ ಹೆಸರು.

ಅವನು ತುಂಬ ಹೊತ್ತು ನೋಡಿ, ಬಾಣ ಎಲ್ಲಿದೆ ಎಂದು ಕೇಳಿದ.

ಇತ್ತು. ಕೆಳಗೆ ಮೂಲೆಯಲ್ಲಿ, ಕೇಟರಿಂಗಿನವರ ಫೋನ್ ನಂಬರಿನ ಪಕ್ಕದಲ್ಲಿ.

ಅವನ ದೇಶದಲ್ಲಿ ಕಾರಿನವರ ಒಂದು ಕ್ಲಬ್ ಇದೆಯಂತೆ. ಊರೂರು ನೋಡಲು ಹೊರಡುವವರಿಗಾಗಿ ಒಳ್ಳೊಳ್ಳೆಯ ದಾರಿ ಆರಿಸಿ, ಉದ್ದಕ್ಕೂ ಆರು ಮೂಲೆಯ ಪುಟ್ಟ ಬೋರ್ಡು ಹಾಕಿದ್ದರಂತೆ. ದಾರಿಯ ಹೆಸರು, ಒಂದು ಬಾಣ, ಅಷ್ಟೇ. ಮ್ಯಾಪ್ ಬಿಚ್ಚದೆ ದಿನವಿಡೀ ಸುತ್ತಿ, ಹೊರಟಲ್ಲಿಗೇ ಬಂದು ಸೇರಬಹುದಿತ್ತಂತೆ.

ಯಾನ್‌ನ ಅಪ್ಪ ಆ ಕ್ಲಬ್ಬಿನ ಮೆಂಬರ್. ಭಾನುವಾರ ಬಕೆಟ್, ಬ್ರಷ್ ಹಿಡಿದು ಹೋಗಿ ಬೋರ್ಡು ತೊಳೆದು, ಅಡ್ಡ ಬಂದ ಕೊಂಬೆ ಕತ್ತರಿಸಿ ಬರುತ್ತಿದ್ದರಂತೆ. ಶಾಲಿಲ್ಲ, ಹಾರವಿಲ್ಲ. ಗುರುತಿಲ್ಲದ ಯಾರೋ ದಾರಿ ತಪ್ಪಬಾರದು ಎಂದು ಇಷ್ಟು ಮಾಡುವ ಜನರಿದ್ದಾರಲ್ಲ... ನನಗೆ ನಿಜಕ್ಕೂ ಮನಸ್ಸು ತುಂಬಿ ಬಂತು.

ಪಿಕ್ನಿಕ್‌ಗೆ ಹಿಂದಿನ ಶನಿವಾರ ಯಾನ್ ನನ್ನ ಜೊತೆ ಪಾರ್ಕಿಗೇ ಬಂದ. ತಿರುವಿಗೆ ಸಾಕಷ್ಟು ಮೊದಲೇ, ದೊಡ್ಡ ಬಾಣವಷ್ಟೇ ಇರುವ ಒಂದು ಬೋರ್ಡು ಹಾಕಿಸಿದ. ತಿರುಗಿದ ಮೇಲೆ ಇನ್ನೊಂದು, ನೀವು ಬಂದದ್ದು ಸರಿ ಎಂದು ಹೇಳಲಿಕ್ಕೆ.

ಕಳೆದ ವರ್ಷ ನಾನು ಬೋರ್ಡು ಕಟ್ಟಿದ್ದ ಜಾಗವನ್ನೂ ತೋರಿಸಿದೆ. ಸರಿಯಾಗಿ ತಿರುವಿನಲ್ಲೇ, ಮರದ ಹಿಂದೆ. ಇಲ್ಲಿ ನಾನೂ ದಾರಿ ತಪ್ಪುತ್ತೇನೆ ಎಂದ. ನಾಚಿಕೆಯಿಂದ ನನ್ನ ಮುಖ ಸಣ್ಣದಾಯಿತು.

ಪ್ರಾಯೋಜಕರೆಲ್ಲ ಊಟದ ಟೇಬಲ್ ಹಿಂದಿನ ಬ್ಯಾನರಿಗೆ ಹೋದರು. ಅಧ್ಯಕ್ಷರು ಎರಡು ದಿನ ಮುಖ ಊದಿಸಿಕೊಂಡಿದ್ದರು, ಇರಲಿ.

ಪಿಕ್ನಿಕ್ ದಿನ ಕಾರ್ತಿಕ್ ಗಡಿಯಾರ ನೋಡುತ್ತ ರಸ್ತೆಯ ಕಡೆಗೇ ನಿಂತಿದ್ದಾನೆ. ನಾನೂ ಅವನ ಪಕ್ಕದಲ್ಲಿ, ಅವನಿಗಿಂತ ಹೆಚ್ಚು ಹೆದರಿಕೊಂಡು.

ಹೇಳಿದ ಹೊತ್ತಿಗೆ ಅಂಕಲ್ ಕಾರು ಬಂತು. "ಬೋರ್ಡ್ ನೋಡ್ಕೊಂಡೇ ಬಂದೆ ಕಣೋ, ಫೋನ್ ಮುಟ್ಲೇ ಇಲ್ಲ" ಎಂದರು ಮಗನಿಗೆ.

ಪಕ್ಕದ ಸೀಟಿನಲ್ಲಿ ಆಂಟಿ ಗಾಢ ನಿದ್ದೆಯಲ್ಲಿದ್ದಾರೆ. ಎಬ್ಬಿಸಬೇಕಾಯಿತು. ದಾರಿ ಹೇಳಿಕೊಟ್ಟದ್ದು ಅವರೂ ಅಲ್ಲ.

ಕಾರ್ತಿಕ್ ಸ್ವಲ್ಪ ಹೊತ್ತು ಅಮ್ಮನನ್ನೇ ನೋಡಿದ. ಆಮೇಲೆ ಮೆಲ್ಲಗೆ "ಸಾರಿ, ಅಪ್ಪ" ಎಂದ. ಆ ಮಾತು ನಾನೇ ಮೊದಲು ಹೇಳಬೇಕಿತ್ತು.

ನಿಮ್ಮ ಮನೆಯ ಹಿರಿಯರು ದಾರಿ ತಪ್ಪಿದಾಗ ನೀವು ನೋಡಿದ್ದು ಅವರ ವಯಸ್ಸನ್ನೋ, ದಾರಿಯನ್ನೋ?